ವಿನಾಯಿತಿ

ನಗರದ ನಡುಭಾಗಕ್ಕೆ ಹೋಗುವ ವಾಹನಗಳೆಲ್ಲ ಆ ತಿಂಗಳಿನಿಂದ ಪ್ರವೇಶ ಶುಲ್ಕ ಕಟ್ಟಬೇಕಿತ್ತು. ರೋಗಿಯನ್ನು ಒಯ್ಯುವ ಆಂಬುಲೆನ್ಸಿಗೆ ವಿನಾಯಿತಿ ಇತ್ತು. ಹೆಣ ಒಯ್ಯುವುದಕ್ಕೆ ಇರಲಿಲ್ಲ.

ಸೈರನ್ ಹಾಕಿಕೊಂಡು ಬಂದ ಆಂಬುಲೆನ್ಸನ್ನು ಗೇಟಿನವನು ತಡೆದು ಹಿಂಬಾಗಿಲು ತೆರೆಸಿದ. ಮಲಗಿದ್ದವನ ಮುಖದ ಮೇಲೆ ಆಕ್ಸಿಜನ್ ಮಾಸ್ಕ್ ಇತ್ತು. ಹೆಂಡತಿ ಪಕ್ಕದಲ್ಲಿ ಕೂತು ಅವನ ಅಂಗಾಲು ಬೆಚ್ಚಗಾಗಲೆಂದು ತಿಕ್ಕುತ್ತಿದ್ದಳು.

"ಪೇಷಂಟಾ, ಬಾಡಿನಾ?"

"ನಿನ್ ಬಾಯಿಗೆ ಮಣ್ಣ್ ಹಾಕ! ಮಾಸ್ಕ್ ಹಾಕಿರೋದು ಕಾಣ್ಸಲ್ವಾ? ಮನೇಲಿದ್ರೆ ಬೇಗ ಹುಷಾರಾಗ್ತಾರೆ ಅಂತ ಡಾಕ್ಟ್ರು ನಮ್ ಮೈದುನನ ಹತ್ರ ಹೇಳವ್ರೆ. ಅಲ್ವೇನಪ್ಪಾ?"

"ಹೂಂ ಅತ್ತಿಗೆ," ಎಂದ ಚಾಲಕನ ಪಕ್ಕ ಕೂತಿದ್ದ ಮೈದುನ, ಹಿಂದೆ ತಿರುಗದೆಯೇ.

"ತಪ್ಪಾಯ್ತು ಕಣಮ್ಮ, ಹೋಗ್ಬನ್ನಿ," ಎಂದು ಗೇಟಿನವನು ಪೆಚ್ಚಾಗಿ ಅಡ್ಡಕಂಬ ಎತ್ತಿದ.

ಗಾಡಿ ಒಳಗೆ ನುಗ್ಗಿತು. ಆಕೆ ಗಂಡನ ಎದೆಯವರೆಗೆ ಹೊದಿಕೆ ಎಳೆದು ಅವನ ಕಿವಿಯಲ್ಲಿ, "ಇನ್ನೇನ್ ಮನೆ ಬಂದೇಬಿಡ್ತು ಕಣ್ರೀ," ಎಂದಳು.

ಗೇಟು ಮರೆಯಾಗುವವರೆಗೆ ಮೈದುನ ಕನ್ನಡಿಯಲ್ಲಿ ನೋಡುತ್ತಲೇ ಇದ್ದ. ಆಮೇಲೆ ಚಾಲಕನ ಭುಜ ಮುಟ್ಟಿದ.

"ದಾಟಾಯ್ತಲ್ಲ, ಸೈರನ್ ನಿಲ್ಸಪ್ಪ. ಅತ್ತಿಗೆ, ಇನ್ನು ಆ ಮಾಸ್ಕ್ ತೆಗೀಬಹುದು."