ಸೊನ್ನೆ

ಭೋಸರಿಯ ಆ ಕಾರ್ಖಾನೆಯಲ್ಲಿ ಎಲ್ಲ ಮಶೀನುಗಳೂ ಊಟಕ್ಕೆ ನಿಂತಿದ್ದವು. ಆದರೂ ಶೈಲಶ್ರೀ ಆಗಷ್ಟೇ ಗಾಳಿಯ ಪೈಪಿಗೆ ಕೂರಿಸಿದ, ಹರಿವು ಅಳೆಯುವ ಮೀಟರಿನಲ್ಲಿ ಅಂಕಿ ಸೊನ್ನೆಗೆ ಬರಲೊಲ್ಲದು. ನಾಲ್ಕಕ್ಕಿಳಿಯುತ್ತಿತ್ತು, ಒಂಬತ್ತಕ್ಕೇರುತ್ತಿತ್ತು, ಮತ್ತೆ ನಾಲ್ಕು.

“ಹೊಸಾ ಮೀಟರ್, ಸುಳ್ಳ ಹೇಳ್ತದ,” ಎಂದರು ಸೂಪರ್‌ವೈಸರ್ ಅಪ್ಪಾಸಾಹೇಬ. “ವಾಲ್ವ್ ಬಂದ್ ಮಾಡಿ ಸೊನ್ನಿಗೆ ತಾ ತಂಗಿ. ಭಕ್ರಿ ಆರಲಿಕ್ಹತ್ತದ.”

ವಾಲ್ವನ್ನು ಅರ್ಧ ತಿರುಗಿಸಿದ್ದಳಷ್ಟೇ, ಅಂಕಿ ಗಡಿಬಿಡಿಯಿಂದ ಏರಿಳಿಯತೊಡಗಿತು: ಮೂರು, ಐದು, ಮೂರು, ಐದು. ಯಾವ ಸೋರಿಕೆಯೂ ಹೀಗೆ ಏದುಸಿರು ಬಿಡುವುದಿಲ್ಲ. ಅವಳ ಕಣ್ಣು ಪೈಪಿನುದ್ದಕ್ಕೂ ಓಡಿತು. ಅದರ ತುದಿಯಿಂದ ಹೊರಟ ಹಳದಿ ನಳಿಗೆ ದೊಡ್ಡ ಕಬ್ಬಿಣದ ಟಾಕಿಯೊಳಗೆ ಇಳಿದಿತ್ತು. ಕೆಲಸದ ಹೊತ್ತಿನಲ್ಲಿ ಒಳಗೆ ಬಣ್ಣ ಬಳಿಯುವವರು ಮುಖವಾಡ ಹಾಕಿಕೊಂಡು ಆ ನಳಿಗೆಯಿಂದಲೇ ಉಸಿರಾಡುತ್ತಿದ್ದರು.

“ಕಾಕಾ, ಟಾಕಿಯೊಳಗ ಯಾರರ ಅದಾರೇನ್ರಿ?”

“ಯಾರೂ ಇಲ್ಲವ್ವಾ. ಎಲ್ಲಾರನ್ನೂ ನಾನ ಊಟಕ್ಕ ಕರದೀನಿ…” ಅಪ್ಪಾಸಾಹೇಬರ ಮಾತು ಅಲ್ಲೇ ನಿಂತಿತು. ಕಟ್ಟೆಯ ಮೇಲೆ ಮೂವರು ಪೇಂಟರುಗಳು ಊಟಕ್ಕೆ ಕೂತಿದ್ದರು. ಪಕ್ಕದಲ್ಲಿ ನಾಲ್ಕನೆಯ ಡಬ್ಬಿ ಮುಚ್ಚಿಯೇ ಇತ್ತು.

ಅಪ್ಪಾಸಾಹೇಬರು ಟಾಕಿಯತ್ತ ಓಡಿದರು. ಶೈಲಶ್ರೀ ಎರಡೂ ಕೈಯಿಂದ ವಾಲ್ವನ್ನು ಪೂರ್ತಿ ತೆರೆದು ಮೀಟರನ್ನು ನೋಡಿದಳು. ಸೊನ್ನೆ. ಈಗಷ್ಟೇ ಬೇಕೆಂದು ಕಾದಿದ್ದ ಸೊನ್ನೆ. ಅಂಕಿ ಕದಲಲಿಲ್ಲ. “ಎಳಕೋ,” ಎಂದಳು ಮೀಟರಿಗೆ, ಅಳುವ ದನಿಯಲ್ಲಿ, “ಉಸಿರ ಎಳಕೋ ಅಣ್ಣಾ.”

ನಾಲ್ಕು.