ನದಿಯಾಚೆಯ ನಿಪ್ಪಲ್

"ಇದೂ ಬೇಡ," ಎಂದಳು ಕೊಸಾರಾ, ಡಬ್ಬಿ ಬಿಚ್ಚುವ ಮೊದಲೇ.

ಅದು ಏಳನೆಯದು. ಅವಳ ಮಗ ವುಕಾಶಿನ್ ಇನ್ನೂ ಕೋಟು ಕೂಡ ಕಳಚಿರಲಿಲ್ಲ.

"ಇದಕ್ಕೇನಾಗಿದೆ ಅಮ್ಮಾ?"

"ಡಬ್ಬಿ ಮೇಲಿನ ಚಿತ್ರದಲ್ಲೇ ನಿಪ್ಪಲ್ಲಿನ ಬಿಲ್ಲೆ ನೋಡು. ಗಾಳಿಯಾಡೋಕೆ ಎರಡೇ ತೂತು. ಮೂರಿರಬೇಕು ಅಂತ ಚೀಟೀಲಿ ಬರೆದಿಲ್ವಾ? ಮಗು ಉಸಿರಾಡ್ಬೇಕೋ ಬೇಡ್ವೋ?"

ಆ ಚೀಟಿ ಅವನ ಜೇಬಿನಲ್ಲೇ ಇತ್ತು. ಮಡಿಸಿ ಮಡಿಸಿ ಅಂಚು ಸವೆದಿತ್ತು. ಎದೆಹಾಲು ಕುಡಿಯುವ ಮಗುವಿಗೆ ಚೀಪಲು ಎಂಥ ನಿಪ್ಪಲ್ ತರಬೇಕು ಎಂದು ಅಮ್ಮನ ಕೈಬರಹದಲ್ಲಿ ಆರು ಷರತ್ತು. ತುದಿ ಚೆರ್ರಿಯಷ್ಟು ದುಂಡಗಿರಬೇಕು. ಎಲ್ಲವೂ ಒಂದೇ ಅಚ್ಚಿನಲ್ಲಿ ಎರಕವಾಗಿರಬೇಕು, ಅಂಟಿಸಿದ್ದು ಕೂಡದು. ಬಿಲ್ಲೆಗೆ ಮೂರು ತೂತು. ರಬ್ಬರಿನದೇ ಆಗಬೇಕು, ಆದರೆ ರಬ್ಬರ್ ವಾಸನೆ ಬರಬಾರದು. ಮೆತ್ತಗಿರಬೇಕು, ಆದರೆ ಕುದಿಸಿದರೆ ಮೆತ್ತಗಾಗಬಾರದು. ಕೊನೆಯದಾಗಿ, ಹಳದಿ ಬಣ್ಣ.

"ಅತ್ತೆ, ನನ್ನ ಮಗೂಗೆ ಯಾವ ನಿಪ್ಪಲ್ಲೂ ಬೇಡ," ಎಂದು ಒಳಕೋಣೆಯಿಂದ ದುನ್ಯಾ ಕೂಗಿದಳು. ಗಂಡನಿಗೆ ಚೆನ್ನಾಗಿ ಕೇಳುವಷ್ಟು ಗಟ್ಟಿಯಾಗಿಯೇ ಕೂಗಿದಳು.

"ಬೇಕು," ಎಂದಳು ಕೊಸಾರಾ ಇಲ್ಲಿಂದ. "ವುಕಾಶಿನ್, ನದಿಯಾಚೆ ಕೇಳ್ದೆಯಾ?"

ವುಕಾಶಿನ್ ನಿಟ್ಟುಸಿರಿಟ್ಟ. ಅತ್ತೆ ಸೊಸೆಯ ಜಗಳದಲ್ಲಿ ಸಿಕ್ಕಿ ತಾನು ಹಣ್ಣಾಗುತ್ತಿದ್ದೇನೆ ಎಂದು ಅವನಿಗೆ ಖಾತ್ರಿಯಾಗಿತ್ತು. ಮನೆಗೆ ಬಂದಾಗಲೆಲ್ಲ ಇಬ್ಬರೂ ಥಟ್ಟನೆ ಮಾತು ನಿಲ್ಲಿಸುತ್ತಿದ್ದರು. ಒಮ್ಮೆ ಇಬ್ಬರ ಕಣ್ಣೂ ಒದ್ದೆಯಾಗಿದ್ದವು. ಏನಾಯಿತು ಎಂದರೆ ಒಬ್ಬರೂ ಬಾಯಿ ಬಿಡಲಿಲ್ಲ. ಎಲ್ಲರಿಗೂ ಒಪ್ಪಿಗೆಯಾಗುವ ನಿಪ್ಪಲ್ ಒಂದು ಸಿಕ್ಕರೆ ಮಗುವೂ ಶಾಂತ, ಮನೆಯೂ ಶಾಂತ ಎಂದುಕೊಂಡು ಅವನು ಮತ್ತೆ ಚಪ್ಪಲಿ ಮೆಟ್ಟಿದ.

ಅಲೆಯಲು ಬೇರೆ ಯಾರೂ ಇರಲಿಲ್ಲ. ಹೆರಿಗೆಯಾಗಿ ನಲವತ್ತು ದಿನ ತಾಯಿ ಮಗು ಹೊಸಿಲು ದಾಟುವಂತಿಲ್ಲ. ಅವರನ್ನು ಒಂಟಿಯಾಗಿ ಬಿಡುವಂತೆಯೂ ಇಲ್ಲ, ಹಾಗಾಗಿ ಕೊಸಾರಾಳೂ ಕದಲುವಂತಿಲ್ಲ. ಅವರ ಊರು ಮಿತ್ರೋವಿತ್ಸಾದ ಬೀದಿಗಳೆಲ್ಲ ವುಕಾಶಿನ್‌ನ ಪಾಲಿಗೆ ಬಂದವು.

ಮೊದಲ ವಾರವನ್ನು ಅವನು ಮರೆತಿರಲಿಲ್ಲ. ಮಗು ಮೊಲೆ ಸರಿಯಾಗಿ ಹಿಡಿಯುತ್ತಿರಲಿಲ್ಲ, ತೂಕ ಇಳಿದಿತ್ತು. ಅವನ ಕಸುಬು ಗಡಿಯಾರ ರಿಪೇರಿ. ಅಂಗಡಿಗೆ ಬೀಗ ಹಾಕಿ, ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಹಗಲೆಲ್ಲ ಹೆಂಡತಿಯ ತಲೆದೆಸೆಯಲ್ಲೇ ನಿಂತಿದ್ದ. "ಎಡಗಡೆ ನಾಲ್ಕು ನಿಮಿಷ ಹನ್ನೊಂದು ಸೆಕೆಂಡು," ಎನ್ನುವನು. "ನುಂಗ್ತಾ ಇದೆಯಾ? ಕೇಳಿಸ್ತಿಲ್ವಲ್ಲ," ಎನ್ನುವನು. ಮನೆಮನೆಗೆ ಬಂದು ಬಾಣಂತಿಯರನ್ನು ನೋಡುವ ಸಿಸ್ಟರ್ ಸ್ಟಾನಾ ಮಗುವನ್ನು ತೂಗಿ, ದುನ್ಯಾಳ ಮುಖ ನೋಡಿ, ಆಮೇಲೆ ಅವನನ್ನೂ ಅಡಿಯಿಂದ ಮುಡಿಯವರೆಗೆ ನೋಡಿದ್ದಳು.

"ಹೀಗೇ ಆದ್ರೆ ಬಾಟಲಿ ಹಾಲೇ ಗತಿ," ಎಂದಿದ್ದಳು. ದುನ್ಯಾ ಗೋಡೆಯ ಕಡೆ ತಿರುಗಿ ಅತ್ತಿದ್ದಳು. ಮಗುವನ್ನು ತನ್ನ ಹಾಲಿನಲ್ಲೇ ಬೆಳೆಸಬೇಕೆಂಬ ಒಂದೇ ಆಸೆ ಅವಳದು. ಅಂದು ಸಂಜೆಯೇ ಅಮ್ಮ ಚೀಟಿ ಬರೆದು ಅವನ ಕೈಗಿಟ್ಟಿದ್ದಳು.

ಆಮೇಲೆ ಸಿಸ್ಟರ್ ಬಂದಾಗಲೆಲ್ಲ ಮಗುವಿನ ತೂಕ ಏರಿತ್ತು. ಅವಳು ವುಕಾಶಿನ್‌ನನ್ನೂ ಮರೆಯದೆ ವಿಚಾರಿಸುತ್ತಿದ್ದಳು.

"ಇವತ್ತು ಎಷ್ಟು ಹೊತ್ತು ಹುಡುಕ್ದೆ?"

"ಎರಡು ಗಂಟೆ, ಸಿಸ್ಟರ್."

"ಸಾಲದು," ಎಂದು ಅವಳು ಗಂಭೀರವಾಗಿ ತಲೆಯಾಡಿಸುವಳು. "ಇಂಥ ವಿಷಯದಲ್ಲಿ ಅವಸರ ಮಾಡಬಾರ್ದು."

ನಲವತ್ತು ದಿನ ಕಳೆದವು. ದುನ್ಯಾ ಮಗುವನ್ನೆತ್ತಿಕೊಂಡು ಚರ್ಚಿಗೆ ಹೋಗಿಬಂದಳು. ಮಗುವಿನ ಕೆನ್ನೆ ಎಷ್ಟು ತುಂಬಿಕೊಂಡಿತ್ತೆಂದರೆ ಪಾದ್ರಿಯೂ ಒಮ್ಮೆ ಹಿಂಡಿ ನೋಡಿದರು. ನಿಪ್ಪಲ್ ಮಾತ್ರ ಸಿಗಲೇ ಇಲ್ಲ. ಸೋತೆ ಎಂದು ಹೇಳಿಬಿಡೋಣವೆಂದು ವುಕಾಶಿನ್ ಮರುದಿನ, ತಾನು ಹತ್ತಾರು ಸಲ ಕೇಳಿ ಬಂದಿದ್ದ ಲೆಪಕ್ಕನ ಔಷಧಿ ಅಂಗಡಿಗೆ ಹೋದ.

ಅಲ್ಲಿ ಅವನಿಗಿಂತ ಮುಂದೆ ಒಬ್ಬ ನಿಂತಿದ್ದ. ಅಂಗಿ ಎದೆಯಿಂದ ಹೊಕ್ಕುಳದವರೆಗೆ ಹರಿದಿತ್ತು. ಮಗು ಹುಟ್ಟಿದ ಖುಷಿಗೆ ಅಪ್ಪನ ಅಂಗಿಯನ್ನು ಗೆಳೆಯರು ಹರಿಯುವುದು ಆ ಊರಿನ ವಾಡಿಕೆ, ಅಂದರೆ ಇವನ ಮಗು ಹುಟ್ಟಿ ವಾರವೂ ಆಗಿಲ್ಲ. ಪಾಪ, ಅದನ್ನು ಬದಲಿಸಲೂ ಅವನಿಗೆ ಪುರುಸೊತ್ತಾಗಿಲ್ಲ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಚೀಟಿ.

"ಚೆರ್ರಿಯಷ್ಟು ದುಂಡಗೆ," ಎಂದು ಅವನು ಓದುತ್ತಿದ್ದ. "ಮೂರು ತೂತು. ರಬ್ಬರೇ ಆಗ್ಬೇಕಂತೆ, ರಬ್ಬರ್ ವಾಸನೆ ಇರಬಾರ್ದಂತೆ. ಬೇಗ ಕೊಡಿ ಅಕ್ಕಾ, ನಾನು ಹೋಗಿ ಪಕ್ಕದಲ್ಲಿ ನಿಲ್ಬೇಕು. ಬಲಗಡೆ ಎಷ್ಟು ನಿಮಿಷ ಆಯ್ತೋ ಏನೋ."

ವುಕಾಶಿನ್ ಇಣುಕಿದ. ಕೈಬರಹ ಬೇರೆ. ಆರು ಷರತ್ತೂ ಅವೇ, ಹಳದಿ ಬಣ್ಣದವರೆಗೆ.

"ಯಾರು ಬರೆದುಕೊಟ್ರು?" ಎಂದು ಕೇಳಿದ.

"ನಮ್ಮತ್ತೆ. ಸಿಸ್ಟರ್ ಸ್ಟಾನಾ ಬಂದು ಹೋದ್ಮೇಲೆ."

ಲೆಪಕ್ಕ ಡ್ರಾಯರಿನೊಳಗೆ ತಲೆ ತೂರಿಸಿದ್ದಳು. ಭುಜ ಕುಲುಕುತ್ತಿತ್ತು. ವುಕಾಶಿನ್ ಬಗ್ಗಿ ಅವಳ ಕಣ್ಣು ನೋಡಿದ. ನಕ್ಕು ನಕ್ಕು ಒದ್ದೆಯಾಗಿತ್ತು.

"ಮಗು ಮೊಲೆ ಹಿಡಿಯೋದು ಕಲಿಯೋವರೆಗೂ ಯಾವ ನಿಪ್ಪಲ್ಲೂ ಕೊಡಬಾರ್ದು ತಮ್ಮಾ," ಎಂದು ಅವಳು ಪಿಸುಗುಟ್ಟಿದಳು. "ಆ ಚೀಟಿ ಮಗೂಗಲ್ಲ, ತಲೆದೆಸೇಲಿ ನಿಂತು ಕಾಡೋ ಅಪ್ಪಂದಿರಿಗೆ."

ವುಕಾಶಿನ್‌ನ ಕಿವಿ ಬಿಸಿಯಾಯಿತು. ಮನೆಗೆ ಹೋಗಿ ಇಬ್ಬರನ್ನೂ ತರಾಟೆಗೆ ತೆಗೆದುಕೊಳ್ಳಬೇಕೆನಿಸಿತು. ಅಷ್ಟರಲ್ಲಿ ಮಗಳ ಕೆನ್ನೆ ನೆನಪಾಯಿತು, ಕೋಪ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

"ಅಣ್ಣಾ, ನೀವೂ ಇದನ್ನೇ ಹುಡುಕಿದ ಹಾಗಿದೆ," ಎಂದ ಹರಿದ ಅಂಗಿಯವನು, ವುಕಾಶಿನ್‌ನ ಜೇಬಿನಿಂದ ಇಣುಕುತ್ತಿದ್ದ ಚೀಟಿ ನೋಡಿ, ಆಸೆಯಿಂದ. "ಎಲ್ಲಿ ಸಿಕ್ತು?"

"ನದಿಯಾಚೆ ಕೇಳಿ ನೋಡಿ," ಎಂದ ವುಕಾಶಿನ್, ಮುಖದ ಒಂದು ಗೆರೆಯೂ ಅಲುಗದಂತೆ. "ನಡ್ಕೊಂಡೇ ಹೋಗಿ. ಇಂಥ ವಿಷಯದಲ್ಲಿ ಅವಸರ ಮಾಡಬಾರ್ದು."