ದವಡೆಯಿಲ್ಲದ ಮೀನು

ಜೈನಾಬ್ ಬೀ ಮನೆಯಲ್ಲಿಲ್ಲದಾಗ ಪಾರ್ಥಸಾರಥಿ ಮೇಷ್ಟ್ರು ಅವಳ ಹಿತ್ತಲಿನಲ್ಲಿದ್ದ ಕಲ್ಲೊಂದನ್ನು ಶಾಲೆಗೆ ಹೊರಿಸಿದರು. ಹೊತ್ತವನು ಜವಾನ ಹೊನ್ನಯ್ಯ. ೧೯೪೩ನೇ ಇಸವಿ, ಮಳವಳ್ಳಿ, ಸೋಮವಾರ ಬೆಳಿಗ್ಗೆ.

ಮಧ್ಯಾಹ್ನಕ್ಕೆಲ್ಲ ಅವಳು ಶಾಲೆಯ ಮೆಟ್ಟಿಲ ಬಳಿ ನಿಂತಿದ್ದಳು. ಐವತ್ತರ ಹೆಂಗಸು. ಮೊಣಕೈವರೆಗೂ ಬಿಳಿ ಪುಡಿ. ಹಿಟ್ಟು ಕಲಸುವಾಗಲೇ ಎದ್ದು ಬಂದಿದ್ದಾಳೆ ಎಂದುಕೊಂಡರು ಮೇಷ್ಟ್ರು. ಎಡಗಣ್ಣನ್ನು ಅರ್ಧ ಮುಚ್ಚಿಕೊಂಡೇ ನೋಡುತ್ತಿದ್ದಳು. ಅದು ಮಾತ್ರ ಅವರಿಗೆ ಕೊಬ್ಬಿನಂತೆ ಕಂಡಿತು.

"ಸಾಮಿ, ನನ್ ಕಲ್ಲು ಕೊಟ್ಬುಡಿ. ಸುಕ್ರವಾರ ನನ್ ಮಗಳು ಶಕೀಲಾ ನಿಕಾ. ಅದು ಅವಳ ಜೊತೇಲಿ ಗಂಡನೂರು ಕೊತ್ತತ್ತಿಗೆ ಓಗ್ಬೇಕು."

"ಕಲ್ಲು ಯಾತಕ್ಕಮ್ಮ?"

"ಮೆಣಸಿನಕಾಯಿ ಅರೆಯಾಕೆ."

ಮೇಷ್ಟ್ರು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡರು. ನಲವತ್ತು ಕೋಟಿ ವರ್ಷದ ಮೀನು. ಅದರ ಮೇಲೆ ಮೆಣಸಿನಕಾಯಿ.

ಕಲ್ಲು ಚಪ್ಪಟೆ, ಕಪ್ಪು. ಅದರ ನಡುವೆ ಗೇಣುದ್ದದ ಮೀನು. ತಲೆ ದೊಡ್ಡದು, ತಲೆಯ ತುಂಬ ಸಾಸಿವೆ ಕಾಳಿನಂಥ ಗುಳಿಗಳು. ತಲೆಯಿಂದ ಬಾಲದವರೆಗೆ ನೇರ ಬೆನ್ನೆಲುಬು. ಬಾಯಿ ಇಲ್ಲ. ಆ ಇಲ್ಲದ ಬಾಯಿಯೇ ಮೇಷ್ಟ್ರ ನಿದ್ದೆ ಕೆಡಿಸಿದ್ದು. ಮೈಸೂರಿನಿಂದ ತರಿಸಿದ ಪುಸ್ತಕದಲ್ಲಿ ಬರೆದಿತ್ತು: ಬೆನ್ನೆಲುಬಿನ ಪ್ರಾಣಿಗಳ ಮೂಲಪುರುಷರು ದವಡೆಯಿಲ್ಲದ ಮೀನುಗಳು, ತಲೆಗೆ ಮೂಳೆಯ ಕವಚ, ತಲೆಯಡಿಯ ಸಣ್ಣ ತೂತಿನಿಂದ ಕೆಸರು ಹೀರಿ ಬದುಕಿದವು.

ಒಂದು ತೊಡಕಿತ್ತು. ಮಳವಳ್ಳಿಯ ಬಂಡೆ ಜಗತ್ತಿನ ಯಾವ ಮೀನಿಗಿಂತಲೂ ಹಳೆಯದು, ಅದರಲ್ಲಿ ಮೀನು ಸಿಗುವಂತಿಲ್ಲ. ಮೇಷ್ಟ್ರು ಅಂದು ಸಂಜೆಯೆಲ್ಲ ಯೋಚಿಸಿದರು. ಪುಸ್ತಕವೇ ತಪ್ಪು ಎಂದು ತೀರ್ಮಾನಿಸಿ ಬೆಂಗಳೂರಿನ ಪ್ರೊಫೆಸರಿಗೆ ತಂತಿ ಕೊಟ್ಟರು.

"ನಾನೂ ಒಮ್ಮೆ ನೋಡಬಹುದೇ?" ಎಂದು ಹೆಂಡತಿ ಗೋದಾ ಕೇಳಿದಳು.

"ಇದು ನಿನ್ನ ಅಡುಗೆಮನೆಯ ವಿಷಯವಲ್ಲ."

ಮದುವೆಯಾಗಿ ಇಪ್ಪತ್ತು ವರ್ಷ. ಅವರು ಊಟದ ಮಣೆಯಿಂದಾಚೆ ಅಡುಗೆಮನೆಯನ್ನು ನೋಡಿದವರಲ್ಲ.

ಮಂಗಳವಾರ ಜೈನಾಬ್ ಬೀ ಮತ್ತೆ ಬಂದಳು. ಮೇಷ್ಟ್ರು ಈ ಸಲ ನೋಟುಬುಕ್ಕು ತೆರೆದರು.

"ಕಲ್ಲು ಎಲ್ಲಿಯದಮ್ಮ?"

"ಬೆಳಕವಾಡಿ ದಾರಿ ಬಂಡೇದು. ಮಗ ವಾಜಿದ್ ಗಾಡೀಲಿ ತಂದ."

"ಮೀನು ಕಾಣಿಸಿಕೊಳ್ಳೋಕೆ ಎಷ್ಟು ಹೊತ್ತು ಹಿಡೀತು?"

"ಎರಡ್ ದಿನ. ಅವಸರ ಮಾಡಿದ್ರೆ ಚಕ್ಕೆ ಎದ್ದೋಯ್ತದೆ."

"ಜಾಣೆ" ಎಂದು ಅವರು ಬರೆದುಕೊಂಡರು. "ನಿನ್ನ ಕೆಲಸ ಮುಗೀತು. ಇನ್ನು ನಮ್ಮದು."

"ಮುಗ್ದಿಲ್ಲ ಸಾಮಿ."

"ಬೇರೆ ಕಲ್ಲು ಕೊಡಿಸ್ತೀನಿ ಹೋಗಮ್ಮ, ಇದಕ್ಕಿಂತ ಒಳ್ಳೇದು."

"ಮಗಳಿಗೆ ಅಂತ ಇಟ್ಟಿದ್ದು ಅದೇಯ. ಅದಿಲ್ದೆ ಕಳಿಸಾಕಿಲ್ಲ."

ಮೇಷ್ಟ್ರು ಆಗಲೇ ಒಳಗೆ ಹೋಗಿದ್ದರು.

ಹೊನ್ನಯ್ಯ ಮೀನಿನ ಮೇಲಿನ ದೂಳು ಒರೆಸುತ್ತಿದ್ದ. "ಬುದ್ದಿ, ದವಡೆ ಇಲ್ದೆ ಇದು ಉಣ್ತಿದ್ದುದು ಎಂಗೆ?"

"ಕೆಸರು ಹೀರುತ್ತಿತ್ತು ಕಣೋ."

"ಅಂಗಾದ್ರೆ ನಮ್ ಕೇರಿಯೋರಂಗೇಯ. ಸಿಕ್ಕಿದ್ದ ಕುಡ್ಕೊಂಡು ಸುಮ್ಕೆ ಬಿದ್ದಿರೋದು."

"ಆಮೇಲೆ ಕಿವಿರಿನ ಮುಂದಿನ ಮೂಳೆಗಳೇ ಬಾಗಿ ದವಡೆಯಾದವು. ಕಚ್ಚೋದನ್ನ ಕಲಿತವು."

"ಎಷ್ಟು ದಿನಕ್ಕೆ?"

"ದಿನವಲ್ಲ. ಕೋಟ್ಯಂತರ ವರ್ಷ."

"ಬಾಳ ತಡ ಮಾಡ್ದೊ ಬುಡಿ" ಎಂದ ಹೊನ್ನಯ್ಯ.

ಗುರುವಾರ ಪ್ರೊಫೆಸರು ಬಂದರು. ಪೆಟ್ರೋಲಿಗೆ ರೇಷನ್ನು, ಮದ್ದೂರಿನಿಂದ ಇದ್ದಿಲ ಗ್ಯಾಸಿನ ಬಸ್ಸು. ಮಸಿ ಹತ್ತಿದ ಮುಖವನ್ನೂ ತೊಳೆಯದೆ ಕಲ್ಲಿನ ಮೇಲೆ ಬಾಗಿ ಭೂತಗನ್ನಡಿ ಹಿಡಿದರು. ಗುಳಿಗಳನ್ನು ಎಣಿಸಿದರು. ಬಾಯಿ ಇರಬೇಕಾದ ಜಾಗದಲ್ಲಿ ಬೆರಳಾಡಿಸಿದರು. ನುಣುಪು.

"ದವಡೆಯ ಸುಳಿವೇ ಇಲ್ಲ" ಎಂದರು ಮೆಲ್ಲಗೆ. "ಮಿಸ್ಟರ್ ಪಾರ್ಥಸಾರಥಿ, ಈ ಮೀನಿಗೆ ನಿಮ್ಮ ಹೆಸರಿಡೋಣ. ಸಂಜೆಯ ಬಸ್ಸಿಗೇ ಕಲ್ಲು ಬೆಂಗಳೂರಿಗೆ ಹೋಗಲಿ. ಕಲ್ಲು ಯಾರಿಗೆ ಸಿಕ್ಕಿತೋ ಅವರದೊಂದು ಹೇಳಿಕೆ ಮಾತ್ರ ಬೇಕು."

ಜೈನಾಬ್ ಬೀಯನ್ನು ಹುಡುಕಬೇಕಾಗಿರಲಿಲ್ಲ. ಅವಳು ಮೆಟ್ಟಿಲ ಮೇಲೇ ಕೂತಿದ್ದಳು. ಒಳಗೆ ಕರೆದರು. ಕೂರಲು ಹೇಳಲಿಲ್ಲ. ಮೇಷ್ಟ್ರು ಕಾಗದ ಬಿಡಿಸಿ ಗಟ್ಟಿಯಾಗಿ ಓದಿದರು.

"ಈ ಮೀನು ಬಂಡೆಯೊಳಗೆ ಹೀಗೆಯೇ ಇತ್ತು. ಇದಕ್ಕೆ ಮನುಷ್ಯರ ಕೈ ಸೋಕಿಲ್ಲ. ಇದು ಬಾಯಿಲ್ಲದೆಯೇ ಹುಟ್ಟಿದ್ದು. ಈ ಕಲ್ಲಿನ ಮೇಲೆ ನನಗೆ ಯಾವ ಹಕ್ಕೂ ಇಲ್ಲ."

ಜೈನಾಬ್ ಬೀ ಅರ್ಧ ಮುಚ್ಚಿದ ಕಣ್ಣನ್ನೂ ತೆರೆದಳು. ಮೂರು ದಿನದಿಂದ ಇವರು ತನ್ನ ಕಲ್ಲನ್ನು ಯಾಕೆ ಇಟ್ಟುಕೊಂಡಿದ್ದಾರೆಂದು ಅವಳಿಗೆ ಈಗಷ್ಟೇ ತಿಳಿದಿತ್ತು. ನಗು ತಡೆಯಲು ಸೆರಗು ಕಚ್ಚಿಕೊಂಡಳು.

ಹೊನ್ನಯ್ಯ ಶಾಯಿ ಪ್ಯಾಡನ್ನು ಮುಂದಿಟ್ಟ.

"ಹೆಬ್ಬೆಟ್ಟು ಒತ್ತು" ಎಂದರು ಮೇಷ್ಟ್ರು. "ಬೇಗ. ಬಸ್ಸಿಗೆ ಹೊತ್ತಾಗುತ್ತೆ."

ಅವಳ ಕೈ ಸೊಂಟದ ಚೀಲಕ್ಕೆ ಹೋಯಿತು. ಎಲೆ ಅಡಿಕೆ ಹುಡುಕುತ್ತಿದ್ದಾಳೆ ಎಂದುಕೊಂಡರು. ಆಚೆ ಬಂದದ್ದು ಒಂದು ಪುಟ್ಟ ಉಳಿ, ಒಂದು ಸುತ್ತಿಗೆ.

"ಒತ್ತಾಕಿಲ್ಲ ಸಾಮಿ. ಈ ಊರಿನ ಅರೆಯೋ ಕಲ್ಗೆಲ್ಲ, ನಿಮ್ಮನೆ ಗೋದಮ್ಮಾರ ಕಲ್ಗೂ, ಮೀನು ಕುಟ್ಟಿ ಕೊಡೋಳು ನಾನೇಯ. ಇದ್ಕೆ ಬಾಯಿ ಕುಟ್ಟೋದೊಂದು ಬಾಕಿ ಇತ್ತು, ಅಷ್ಟರಲ್ಲಿ ನೀವು ಎತ್ಕೊಂಡ್ ಬಂದ್ರಿ."